ಅವಿರೋಧವಾಗಿ

ಸೋಹಾರಿನ ಹಂಬಾರ್ ಬೀದಿ, ಮಲಬಾರಿ ಹೋಟೆಲಿನ ಅಟ್ಟ.
ಶುಕ್ರವಾರ. ಇಪ್ಪತ್ತಮೂರು ಕುರ್ಚಿ, ಹನ್ನೊಂದು ಜನ,
ಒಂದು ಎ.ಸಿ., ಅದೂ ಕೆಮ್ಮುತ್ತದೆ.
ನಾನು ಕಾರ್ಯದರ್ಶಿ. ನಡಾವಳಿ ಪುಸ್ತಕ ನನ್ನ ತೊಡೆಯ ಮೇಲೆ.

ಅಧ್ಯಕ್ಷಗಿರಿಗೆ ಮೂವರು. ಕೈ ಎತ್ತಿಸಿ ಎಣಿಸಿ,
ಮತ್ತೆ ಎಣಿಸುವಷ್ಟರಲ್ಲಿ ಒಬ್ಬರು ಚಹಾ ಬಿಟ್ಟೆದ್ದರು.
ಕ್ರಿಕೆಟ್ ಉಸ್ತುವಾರಿಗೂ ಜಗಳ.
ಕೊನೆಯ ಹುದ್ದೆಗೆ ಮಾತ್ರ ಯಾರೂ ಮಿಸುಕಲಿಲ್ಲ:
ಶವಾಗಾರಕ್ಕೆ ಹೋಗುವವನು,
ರಾಯಭಾರ ಕಚೇರಿಯಲ್ಲಿ ಮುದ್ರೆ ಹಾಕಿಸುವವನು,
ಕಾರ್ಗೋ ಕಿಟಕಿಯಲ್ಲಿ ತೂಕದ ಚೀಟಿಗೆ ಸಹಿ ಮಾಡುವವನು.

ವಲೇರಿಯನ್ ಡಿಮೆಲ್ಲೊ ಕೈ ಎತ್ತಲಿಲ್ಲ;
ಎಂದಿನಂತೆ ಪ್ಯಾಂಟಿಗೆ ಒರೆಸಿಕೊಂಡ.
ಬರೆದೆ: ‘ಅವಿರೋಧವಾಗಿ ಆಯ್ಕೆ.’
ಇದು ಒಂಬತ್ತನೇ ವರ್ಷ.

ಊರಿನ ಪತ್ರಿಕೆಯಲ್ಲಿ ಈ ಪದದ ಕೊರಳಿಗೆ
ಯಾವಾಗಲೂ ಒಂದು ಹಾರವಿರುತ್ತದೆ.
ಹಾಲಿನ ಡೇರಿ, ಸಹಕಾರಿ ಬ್ಯಾಂಕು, ಸಾಲಾಗಿ ನಿಂತ ನಿರ್ದೇಶಕರು,
ಹಿಂದಿನ ರಾತ್ರಿ ಯಾರದೋ ಜಗಲಿಯಲ್ಲಿ
ವಾಪಸಾದ ನಾಮಪತ್ರಗಳು.
ಅಲ್ಲಿ ಆ ‘ಅ’ಕಾರಕ್ಕೆ ಬೆಲೆ ತೆತ್ತಿರುತ್ತಾರೆ.
ಇಲ್ಲಿ ಬಿಟ್ಟಿ.

‘ಅವಿರೋಧ ಅಂದ್ರೆ ಎಂತ?’ ವಲೇರಿಯನ್ ಕೇಳಿದ,
ಒಂಬತ್ತು ಸಲ ಸಹಿ ಹಾಕಿದ ಮೇಲೆ.
‘ನಿನಗೆ ಎದುರು ಯಾರೂ ಇಲ್ಲ ಅಂತ.’
‘ಹೌದಲ್ಲ,’ ಅಂದ. ‘ಇರುವುದಿಲ್ಲ.’

ರಾತ್ರಿ ಆ ಮಾತು ಮಲಗಗೊಡಲಿಲ್ಲ.
ನಮ್ಮ ನುಡಿಯಲ್ಲಿ ಎದುರಿಸಿದರೆ ಹಗೆ,
ಎದುರುಗೊಂಡರೆ ನೆಂಟ.
ನಿಲ್ಲುವ ಹೊಸ್ತಿಲು ಒಂದೇ;
ಕೈಯಲ್ಲಿ ದೊಣ್ಣೆಯೋ, ಕಾಲಿಗೆ ನೀರಿನ ಚೊಂಬೋ,
ಅಷ್ಟೇ ನೋಡಬೇಕು.
ನಾನು ಅವನಿಗೆ ಯಾವುದನ್ನು ಇಲ್ಲವೆಂದೆ?

ಹೋದ ಜೂನಿನಲ್ಲಿ ಒಮ್ಮೆ ಜೊತೆಗೆ ಹೋಗಿದ್ದೆ.
ಹೊನ್ನಾಳಿ ಕಡೆಯ ವೆಲ್ಡರ್ ತಿಪ್ಪೇಶಿ, ಮೂವತ್ತೊಂದು ವಯಸ್ಸು,
ಪೆಟ್ಟಿಗೆಯ ಮೇಲೆ ಹೆಸರು ಅರಬ್ಬಿಯಲ್ಲಿ,
ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪು.
ಮಸ್ಕತ್ತಿಗೆ ಇನ್ನೂರು ಚಿಲ್ಲರೆ ಕಿಲೋಮೀಟರ್.
ನಾನು ಡ್ರೈವರನ ಪಕ್ಕ, ತಣ್ಣನೆ ಗಾಳಿಗೆ.
ವಲೇರಿಯನ್ ಹಿಂದೆ ಹತ್ತಿದ.
ಅಲ್ಲಿ ಸೀಟಿಲ್ಲ, ಬಣ್ಣದ ಖಾಲಿ ಡಬ್ಬ ಬೋರಲು ಹಾಕಿ
ಪೆಟ್ಟಿಗೆಯ ಎದುರು ಕೂತ,
ಮಂಡಿಗೆ ಹಲಗೆ ತಾಗುವಷ್ಟು ಹತ್ತಿರ.

ದಾರಿಯುದ್ದ ಏನೋ ಗೊಣಗು. ಪ್ರಾರ್ಥನೆಯಿರಬೇಕು
ಎಂದು ಸಣ್ಣ ಕಿಟಕಿಗೆ ಕಿವಿಯಿಟ್ಟೆ.
‘ಬರ್ಕಾ ಬಂತು ಮಾರಾಯ,’ ಅನ್ನುತ್ತಿದ್ದ,
‘ಇನ್ನು ಮುಕ್ಕಾಲು ಗಂಟೆ.’