ಎರಡನೇ ಹಗ್ಗ

ಆರು ಗಂಟೆಗಳನ್ನು ಎಷ್ಟು ಸರದಿಯಲ್ಲಿ ಬಾರಿಸಬಹುದು?
ಏಳುನೂರ ಇಪ್ಪತ್ತು, ಅಂದೆ,
ಪ್ರಶ್ನೆ ಮುಗಿಯುವ ಮೊದಲೇ.
ವಿನಿಫ್ರೆಡ್, ಮೂವತ್ತು ವರ್ಷ
ಡರ್ಹಮ್ಮಿನ ಬಸ್ಸು ಓಡಿಸಿದವಳು,
ತಲೆಯಾಡಿಸಿದಳು:
"ಸರಿ. ಈಗ ಒಂದನ್ನು ಬಾರಿಸು."

ಆಗಲಿಲ್ಲ.
ಹಗ್ಗ ಮೇಲಕ್ಕೆ ನುಗ್ಗಿ
ಅಂಗೈ ಸುಲಿದು ಹೋಯಿತು.
ಕತ್ತಲಲ್ಲೆಲ್ಲೋ ಮೂರು ಕ್ವಿಂಟಲ್ ಕಂಚು
ನನ್ನ ಪದಕಗಳಿಗೆ ಕ್ಯಾರೆ ಅನ್ನದೆ
ತನ್ನ ಪಾಡಿಗೆ ತಾನು ತೂಗಿತು.

ಹದಿನಾರಕ್ಕೇ ಇಲ್ಲಿ ಓದಲು ಸೇರಿದೆ.
ಜೊತೆಯವರು ಕುಡಿಯಲು ಹೊರಟರೆ
ನನಗೆ ವಯಸ್ಸು ಸಾಲದು;
ವಯಸ್ಸು ಬಂದಾಗ ಕರೆಯುವವರಿಲ್ಲ.
ಹತ್ತೊಂಬತ್ತಕ್ಕೆ ನನ್ನದೊಂದು ಪ್ರಮೇಯ,
ಓದಿದವರು ಲೋಕದಲ್ಲಿ ಹನ್ನೊಂದು ಮಂದಿ.
ಆ ಹುಟ್ಟುಹಬ್ಬಕ್ಕೆ ಎರಡು ಫೋನ್:
ಅಮ್ಮ,
ಮತ್ತು ಹಲ್ಲಿನ ಆಸ್ಪತ್ರೆಯ ಯಂತ್ರ.

ಮಾತು ಬಾರದೆ ಅಲ್ಲ.
ಎದುರಿನವರ ವಾಕ್ಯದ ಕೊನೆ ಮೊದಲೇ ಕಾಣುತ್ತಿತ್ತು.
ಅವರಿನ್ನೂ ಮೆಟ್ಟಿಲು ಹತ್ತುವಾಗ
ನಾನು ಅಟ್ಟ ಸೇರಿ ಬಾಗಿಲು ಹಾಕಿಕೊಂಡಿರುತ್ತಿದ್ದೆ.

ಬುಧವಾರ ಸಂಜೆ, ಐವತ್ತೆಂಟು ಮೆಟ್ಟಿಲು.
ಪಾರಿವಾಳದ ಹಿಕ್ಕೆ, ಕೆಮ್ಮುವ ಹೀಟರ್, ಬಿಸ್ಕತ್ತಿನ ಡಬ್ಬಿ.
ದುಂಡಗೆ ನಿಂತ ಆರು ಜನ:
ಮಾಂಸದಂಗಡಿಯ ಡೆಸ್ಮಂಡ್, ಮೀಸೆ ಮೂಡದ ಕ್ಯಾಲಮ್,
ಎಂದೂ ಬಾಯಿ ಬಿಡದ ಒಬ್ಬ ನಿವೃತ್ತ ಪಾದ್ರಿ,
ಅವಳಿಮಕ್ಕಳ ತಾಯಿ ಇಫಿಯೋಮಾ,
ಇಷ್ಟೊಂದು ಸದ್ದಿನೊಳಗೆ ಮಾತ್ರ ನನಗೆ ನಿಶ್ಶಬ್ದ ಸಿಗುತ್ತದೆ ಎನ್ನುವವಳು.

ನಾನು ಎರಡನೇ ಹಗ್ಗ.
ಕೈ ಪಳಗಿದ ಮೇಲೆ
ಕ್ಷಣಗಳನ್ನು ಭಾಗಿಸಿ, ಲೆಕ್ಕ ಹಾಕಿ ಎಳೆದೆ.
ತಾಳ ಕೆಟ್ಟಿತು. ಲೆಕ್ಕ ಸರಿಯಿತ್ತು;
ಕ್ಯಾಲಮ್‌ಗೆ ನೆಗಡಿ.

"ಅಂಕಿ ಬಿಡು ಮಗೂ, ಜನರನ್ನು ನೋಡು."
ಯಾರನ್ನು?
"ಎಲ್ಲರನ್ನೂ. ಯಾರೊಬ್ಬರನ್ನೂ ದಿಟ್ಟಿಸಬೇಡ.
ನಿನ್ನ ಸರದಿ ಯಾರ ಹಿಂದೆ ಅಂತ
ಅವರ ಭುಜವೇ ಹೇಳುತ್ತೆ."

ಇಷ್ಟು ವರ್ಷ ನಾನು ಬಲ್ಲದ್ದು ಜನರ ಬೂಟು.
ಈಗ ಭುಜ ಕಲಿತೆ.
ಎಳೆಯುವ ಮುನ್ನ ಡೆಸ್ಮಂಡ್ ಉಸಿರು ಹಿಡಿಯುತ್ತಾನೆ.
ಇಫಿಯೋಮಾಳ ಎಡಭುಜ, ಮಗು ಹೊರುವ ಕಡೆ,
ಒಂದಿಷ್ಟು ಕುಸಿದಿದೆ.
ಕ್ಯಾಲಮ್ ತುಟಿಯಲ್ಲೇ ಎಣಿಸುತ್ತಾನೆ,
ನಾಲ್ಕನ್ನು ಮಾತ್ರ ಎರಡು ಸಲ.

ಇನ್ನೊಂದು ಕಟ್ಟಳೆ: ಕಂಚು ಭಾರ,
ಒಂದು ಸುತ್ತಿಗೆ ಒಂದೇ ಜಾಗ ಸರಿಯಬಹುದು,
ಅದೂ ಪಕ್ಕದವರೊಡನೆ ಅದಲುಬದಲು.
ಹಾರುವಂತಿಲ್ಲ.
ನಾನು ಹಾರಿಯೇ ಬಂದವಳು:
ಮೂರನೇ ಕ್ಲಾಸು, ಐದನೇ ಕ್ಲಾಸು,
ಗೆಳತಿಯರು.

ನವೆಂಬರಿನಲ್ಲೊಮ್ಮೆ ನಡುವೆ ಡೆಸ್ಮಂಡ್ ದಾರಿ ತಪ್ಪಿದ,
ಆ ದೊಡ್ಡ ಮುಖದಲ್ಲಿ ಸಂತೆಯಲ್ಲಿ ಕಳೆದ ಮಗು.
ಉತ್ತರ ನನ್ನ ನಾಲಿಗೆಯ ತುದಿಗೆ ಬಂತು.
ಹೇಳಲಿಲ್ಲ. ಅವನತ್ತ ನೋಡಿ
ಗದ್ದ ಕೊಂಚ ಬಗ್ಗಿಸಿದೆ:
ಬಾ, ನನ್ನ ಹಿಂದೆ.
ಬಂದ.

ಆಮೇಲೆ ಕೆಳಗೆ ಪಬ್ಬಿನಲ್ಲಿ
ಅಮ್ಮನ ಮಾತಿನಲ್ಲಿ ಗಂಟೆ ಅಂದರೆ
ಹೊತ್ತೂ ಹೌದು, ಇದೂ ಹೌದು ಅಂದೆ;
ಪಕ್ಕದ ಮನೆಯಲ್ಲೇ ಗಂಟು, ಅದರಾಚೆ ಗಂಟಲು.
ಡೆಸ್ಮಂಡ್ ಮೂರನ್ನೂ ಹೇಳಿ ನೋಡಿದ.
ಮೂರೂ ಒಂದೇ ಆಗಿ ಬಂದವು.
ಪಾದ್ರಿ ನಕ್ಕರು, ಸದ್ದು ಮಾಡಿ.

ಇಫಿಯೋಮಾ ಶುರುಮಾಡಿದಳು:
ಅವಳಿಗಳು ಮೀನಿನ ತೊಟ್ಟಿಗೆ
ಸಾಬೂನು ಹಾಕಿದ ಕಥೆ.
ಉದ್ದ. ನಡುವೆ ಅತ್ತೆ ಬಂದಳು, ಮುರಿದ ಬಕೆಟ್ಟು ಬಂತು.
ಕೊನೆ ನನಗಾಗಲೇ ಗೊತ್ತು.
ಲೋಟದ ಅಂಚು ಕಚ್ಚಿ
ಸುಮ್ಮನೆ ಕೇಳಿದೆ.

ಮೀನು ಸತ್ತಿರಲಿಲ್ಲ.