ಒನ್ನರ

ಮಮ್ಮದುಂಞಿಯ ನಾಲ್ಕು ಗಾಡಿಗಳಲ್ಲಿ ಹಳದಿಯದ್ದಕ್ಕೆ
ನಿಲ್ಲಲು ಬರುವುದಿಲ್ಲ.
"ಮಕ್ಕಳು ಕೈ ಇಡಲೇ ಇಲ್ಲ ಮಾರಾಯ, ತಾನಾಗಿ ನಡೆಯುತ್ತದೆ.
ನಿನ್ನೆ ಕೋಯಿಪ್ಪಾಡಿ ಕಡಪ್ಪುರದಲ್ಲಿ ಒಣಗಲು ಹಾಕಿದ ಬಲೆಗೆ ಹತ್ತಿತು.
ಬಲೆಯವರು ಬೈದದ್ದು ಇನ್ನೂ ಕಿವಿಯಲ್ಲಿ ಉಂಟು."

ಕುಂಬಳೆಯ ಹೈವೇ ಬದಿ, ಹೊಸ ಮೇಲ್ಸೇತುವೆಯ ಕಂಬದ ನೆರಳು
ಎಷ್ಟು ಹೊತ್ತು ಇರುತ್ತದೋ ಅಷ್ಟು ಹೊತ್ತು ನನ್ನ ವರ್ಕ್‌ಶಾಪ್.
ಗೂಡ್ಸ್ ಆಟೋದಿಂದ ಆಡಿನಮರಿ ಇಳಿಸಿದ ಹಾಗೆ ಇಳಿಸಿದ:
ನಾಲ್ಕು ದಪ್ಪ ಚಕ್ರ, ನನ್ನ ಮೊಣಕಾಲಿಗೆ ಬರುವ ಸೀಟು.

ಸ್ಟಾರ್ಟ್ ಮಾಡಿದೆ. ಕೂಗಿತು.
ಹಿಂಬದಿ ಎತ್ತಿ ಹಿಡಿದರೆ ಗಾಳಿಯಲ್ಲೇ ಚಕ್ರ ತಿರುಗುತ್ತಿದೆ,
ಹೋಗಲು ನೆಲ ಇಲ್ಲದೆಯೂ.
"ಐಡ್ಲಿಂಗ್ ಏರಿಸಿದ್ದು ಯಾರು?"
"ನಾನೇ. ಆಗಾಗ ಆಫ್ ಆಗುತ್ತಿತ್ತಲ್ಲ."
ಗಂಟಲು ಕಟ್ಟಿದವನಿಗೆ ಕಾಲಿಗೆ ಎಣ್ಣೆ ತಿಕ್ಕಿದ್ದಾನೆ.

ಕಾರ್ಬುರೇಟರಿನ ಬಟ್ಟಲು ಬಿಚ್ಚಿದರೆ
ಕಳೆದ ರಜೆಯ ಪೆಟ್ರೋಲು ಓಲೆಬೆಲ್ಲದ ಬಣ್ಣಕ್ಕೆ ತಿರುಗಿ ತಳದಲ್ಲಿ,
ಜೊತೆಗೆ ಒಂದು ಚಿಟಿಕೆ ಕಡಲು.
ಪೈಲಟ್ ಜೆಟ್ ಎಂದರೆ ಹಿತ್ತಾಳೆಯ ತುಂಡು,
ನಡುವೆ ತೂತು ಉಂಟೆಂದು ನಂಬಬೇಕು ಅಷ್ಟೆ.
ಕಬ್ಬಿಣದ ತಂತಿ ತೂರಿಸಬೇಡ, ತೂತು ಸುಳ್ಳು ಹೇಳಲು ಕಲಿಯುತ್ತದೆ
ಎನ್ನುತ್ತಿದ್ದರು ಕುಂಞಂಬು ಆಶಾನ್.
ತಾಮ್ರದ ಒಂದೇ ಎಳೆ ಹಾಕಿದೆ, ಊದಿದೆ,
ಒಂದು ಕಣ್ಣು ಮುಚ್ಚಿ ಮೇಲೆ ಹಿಡಿದೆ. ಕತ್ತಲೆ.
ಮತ್ತೆ ಊದಿದೆ.
ಎರಡು ಕಂಬಗಳ ನಡುವಿನ ಅಷ್ಟೂ ಬಿಸಿಲು
ಅದರೊಳಗೆ ಬಂದು ನಿಂತಿತು.

ಗಾಳಿಯ ಸ್ಕ್ರೂ ಪೂರ್ತಿ ಮುಚ್ಚಿ ಹಿಂದಕ್ಕೆ ಒಂದೂವರೆ ಸುತ್ತು.
ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ,
ಬೈಗುಳ ಮೂರು ಭಾಷೆಯಲ್ಲೂ ಬರುತ್ತದೆ,
ಸ್ಕ್ರೂ ಎಣಿಸುವುದು ಮಾತ್ರ ಮಲಯಾಳದಲ್ಲಿ:
ಒನ್ನ್... ಒನ್ನರ.
ಆಶಾನ್ ಕಲಿಸಿದ್ದು ಹಾಗೆ. ಕನ್ನಡದಲ್ಲಿ ಎಣಿಸಿದರೆ
ಕಾಲು ಸುತ್ತು ಹೆಚ್ಚಾಗುತ್ತದೋ ಎಂದು ಇವತ್ತಿಗೂ ಸಂಶಯ.

ಕ್ಲಚ್ಚಿನೊಳಗೆ ಮೂರು ಶೂ, ಮೂರು ಸ್ಪ್ರಿಂಗ್,
ಒಂದು ಮಾತ್ರ ಹಲ್ಲು ಕಿಸಿದ ಹಾಗೆ ಸಡಿಲ.
"ಅದೊಂದನ್ನು ಬದಲಿಸು."
"ಆಗುವುದಿಲ್ಲ. ಮೂರೂ ಒಟ್ಟಿಗೆ ಏಳಬೇಕು,
ಒಂದು ಮೊದಲೇ ಎದ್ದರೆ ಗಾಡಿ ನಡುಗುತ್ತದೆ."
ದುಡ್ಡಿನ ಮುಖ ಮಾಡಿದ, ಆಮೇಲೆ ಒಪ್ಪಿದ.

ಪರೀಕ್ಷೆಗೆ ನಾನು ಆಗುವುದಿಲ್ಲ.
ಎಪ್ಪತ್ತೆಂಟು ಕಿಲೋ ಮೇಲೆ ಕೂತರೆ
ಎಂಥ ಗಾಡಿಯೂ ಹೆದರಿ ನಿಲ್ಲುತ್ತದೆ.
ಟೈಲರ್ ಯಮುನಕ್ಕನ ಜೀವಿತಾಳನ್ನು ಕರೆದೆ,
ರೇಷನ್ ಅಂಗಡಿಯ ತಕ್ಕಡಿಯಲ್ಲಿ ಇಪ್ಪತ್ತನಾಲ್ಕು ಕಿಲೋ, ಚಪ್ಪಲಿ ಸೇರಿ.
ಹೆಲ್ಮೆಟ್ಟಿನೊಳಗೆ ಮುಖ ಕಾಣದು, ಎರಡು ಜಡೆ ಮಾತ್ರ ಹೊರಗೆ.

ಮುಂದಿನ ಚಕ್ರದ ಎದುರು
ಖಾಲಿ ಬೆಂಕಿಪೊಟ್ಟಣ ನಿಲ್ಲಿಸಿ ಹೇಳಿದೆ:
"ಎಂತದೂ ಮಾಡಬೇಡ. ಸುಮ್ಮನೆ ಕೂತಿರು."
ಅವಳಿಗೆ ಅದೇ ಕಷ್ಟ.
ಸಣ್ಣ ಉರಿಯ ಗಂಜಿಯ ಹಾಗೆ ಇಂಜಿನ್ ಗುಳುಗುಳು.
ಒಂದು ಲಾರಿ ಹೋಯಿತು. ಇನ್ನೊಂದು.
ಪೊಟ್ಟಣ ನಿಂತೇ ಇತ್ತು.
ಮಮ್ಮದುಂಞಿ ಬೀಡಿ ಹಚ್ಚುವುದನ್ನು ಮರೆತಿದ್ದ.

"ಈಗ?"
"ಈಗ. ಹೆಬ್ಬೆರಳು ಸ್ವಲ್ಪ."

ಕಂಬದಿಂದ ಕಂಬಕ್ಕೆ ಏಳು ಸುತ್ತು ಹೊಡೆದು ಬಂದವಳು
ನನ್ನ ಕಿವಿಗೆ ಬಾಗಿದಳು:
"ಹೆಬ್ಬೆರಳ ಹತ್ತಿರದ ಸ್ಕ್ರೂ ಬಿಚ್ಚಿದರೆ ಇನ್ನೂ ಜೋರು ಹೋಗ್ತದಂತೆ, ಹೌದಾ?"
ಹೌದು ಎಂದೆ. ಮಕ್ಕಳ ಹತ್ತಿರ ಯಂತ್ರದ ಸುಳ್ಳು ಹೇಳಬಾರದು.
ಅವಳ ಅಮ್ಮನಿಂದ ಉಗುರುಬಣ್ಣ ತರಿಸಿ
ಆ ಸ್ಕ್ರೂವಿನ ತಲೆಗೆ ಒಂದು ಹನಿ ಇಟ್ಟೆ,
ಯಾರು ಮುಟ್ಟಿದರೂ ಬಿರಿಯುವ ಹಾಗೆ.
ಮಮ್ಮದುಂಞಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

ಬರುವ ಎಪ್ರಿಲಿಗೆ ಇವಳ ಮೊಣಕಾಲು ಹ್ಯಾಂಡಲಿಗೆ ತಾಗುತ್ತದೆ.
ಬೇರೆ ಇಪ್ಪತ್ತನಾಲ್ಕು ಕಿಲೋ ಹುಡುಕಬೇಕು.
ಚಪ್ಪಟೆಯಾದ ಬೆಂಕಿಪೊಟ್ಟಣವನ್ನು
ಅವಳು ಹೆಕ್ಕಿಕೊಂಡು ಹೋದಳು,
ಎಂತಕ್ಕೆ ಎಂದು ನಾನು ಕೇಳಲಿಲ್ಲ.