ಮಗನ ಉದ್ಯಾನ, ವಾರದ ದಿನಗಳಲ್ಲಿ

ಸೋಮವಾರ ಬೆಳಗಿನ ಬಸ್ಸಿಗೆ ಹೊರಡುವ ಮುಂಚೆ
ಹಾಯಾಂಗ್ ಪರದೆಯ ಅಂಚಿಗೊಂದು ಹಳದಿ ಚೀಟಿ ಅಂಟಿಸಿದ:
ಬೇಲಿ ನೋಡ್ತಿರು.
ದೊಡ್ಡದಕ್ಕೆ ಆಡು, ಉದ್ದ ಕತ್ತಿನವಕ್ಕೆ ಸೊಪ್ಪು.
ದುಡ್ಡು ಮುಟ್ಟಬೇಡ.

ಆರಿಸಿಟ್ಟರೆ ಆಟದೊಳಗೆ ಕಾಲ ನಿಲ್ಲುತ್ತದೆ,
ಯಾವ ಪ್ರಾಣಿಯೂ ಹಸಿಯುವುದಿಲ್ಲ, ನನಗೂ ಗೊತ್ತು.
ಆದರೂ ಹಾಸ್ಟೆಲಿನಲ್ಲಿ ಅವನು ಐದು ರಾತ್ರಿ
ಇವುಗಳ ಯೋಚನೆಯಲ್ಲೇ ಮಲಗುತ್ತಾನಲ್ಲ,
ಒಬ್ಬರಾದರೂ ಎದ್ದಿರಬೇಕು.

ನನ್ನ ಕಸುಬೇ ಡೈನೋಸಾರು.
ಜಿಗೊಂಗಿನ ಈ ಓಣಿಯಲ್ಲಿ ಯಾರದಲ್ಲ?
ಎದುರುಮನೆ ಪಾಂಗ್ ಕಬ್ಬಿಣದ ಬೆನ್ನೆಲುಬು ಬೆಸೆಯುತ್ತಾನೆ,
ಅವನ ನಾದಿನಿ ಸ್ಪಂಜು ಕೆತ್ತುತ್ತಾಳೆ,
ನಾನು ಚರ್ಮ.
ಬನಿಯನ್ನಿನಂಥ ಬಟ್ಟೆ ಎಳೆದು, ಹೊಲಿದು,
ಮೇಲೆ ರಬ್ಬರಿನ ಅಂಟು ಬಳಿದು, ಒಣಗುವ ಮೊದಲು
ಬೆರಳಿಂದಲೇ ಸುಕ್ಕು ಮೂಡಿಸುತ್ತೇನೆ.
ಹತ್ತೊಂಬತ್ತು ವರ್ಷ. ದುಬೈ, ಟೆಕ್ಸಾಸ್,
ನಾಲಿಗೆ ತಿರುಗದ ಹೆಸರಿನ ಊರುಗಳ ಮಾಲುಗಳಲ್ಲಿ
ನಿಂತಿದೆ ನನ್ನ ಬೆರಳ ಗುರುತು.
ಕತ್ತು ಎಡಕ್ಕೆ, ಬಾಯಿ ತೆರೆ, ಕೂಗು, ಕಣ್ಣು ಮಿಟುಕಿಸು:
ಹನ್ನೊಂದು ಸೆಕೆಂಡು. ಮತ್ತೆ ಕತ್ತು ಎಡಕ್ಕೆ.

ಅದಕ್ಕೇ ಮೊದಲ ರಾತ್ರಿ ಮೂಗು ಮುರಿದೆ.
ತೊಡೆ ಸೇರುವ ಕಡೆ ಮಡಿಕೆಯೇ ಇಲ್ಲ!
ಇಷ್ಟು ದೊಡ್ಡ ಕಂಪನಿ, ಹೊಲಿಯುವವರೊಬ್ಬರನ್ನು ಕೇಳಬಾರದೆ?
ಆಮೇಲೆ ಅದು ಕಾಲೆತ್ತಿ ಕೆರೆಗಿಳಿಯಿತು,
ಮಡಿಕೆ ಮೂಡಿತು, ನೀರು ಮುಟ್ಟಿದಲ್ಲಿ ಚರ್ಮ ಕಪ್ಪಾಯಿತು.
ಬಾಯಿ ಮುಚ್ಚಿಕೊಂಡೆ.
ನನ್ನವು ಯಾವತ್ತೂ ಒಂದು ಹೆಜ್ಜೆ ಇಟ್ಟಿಲ್ಲ.

ಮಂಗಳವಾರ ಬಿರುಗಾಳಿ. ಕರೆಂಟು ಹೋಯಿತು,
ಆಟದೊಳಗೆ; ನಮ್ಮ ಓಣಿಯಲ್ಲಿ ಇತ್ತು.
ಉತ್ತರದ ಬೇಲಿ ಮುರಿದು ದೊಡ್ಡದು ಹೊರಬಂತು.
ಹಸಿರು ಅಂಗಿಯವನೊಬ್ಬ
ಐಸ್‌ಕ್ರೀಮ್ ಹಿಡಿದು ನಿಂತೇ ಇದ್ದ.
ಪರದೆ ಕೇಳಿತು: ಪರಿಹಾರ ಎಷ್ಟು ಕೊಡುತ್ತೀರಿ?
ಚೀಟಿ ನೋಡಿದೆ. ದುಡ್ಡು ಮುಟ್ಟಬೇಡ.
ಮುಟ್ಟಿದೆ. ಪಟ್ಟಿಯಲ್ಲಿದ್ದ ಅತಿ ದೊಡ್ಡ ಮೊತ್ತ ಒತ್ತಿದೆ.
ನಮ್ಮ ಕಾರ್ಖಾನೆಯ ಯಂತ್ರ
ಲಾವೊ ಯಾನನ ಎರಡು ಬೆರಳು ತಿಂದಾಗ
ಕೊಟ್ಟಿದ್ದು ಎರಡು ತಿಂಗಳ ಸಂಬಳ, ಒಂದು ಬುಟ್ಟಿ ಹಣ್ಣು.

ಬುಧವಾರ ದೂರುಗಳು ಬಂದವು.
ಪ್ರಾಣಿ ಕಾಣಿಸುತ್ತಿಲ್ಲ. ಪ್ರಾಣಿ ಮಲಗಿದೆ. ಪ್ರಾಣಿ ಬೆನ್ನು ತಿರುಗಿಸಿದೆ.
ಬೆನ್ನನ್ನಾದರೂ ಚೆನ್ನಾಗಿ ನೋಡಿ, ಪುಣ್ಯಾತ್ಮರೆ,
ಒಂದು ಬೆನ್ನಿಗೆ ನಾಲ್ಕು ದಿನ ಬೇಕು.
ಉದ್ದ ಕತ್ತಿನ ಮುದುಕಿಯೊಂದು
ಗಾಜಿನ ಗ್ಯಾಲರಿ ಕಂಡರೆ ಬೆದರುತ್ತಿತ್ತು.
ಗ್ಯಾಲರಿ ಕೆಡವಿದೆ, ಅಲ್ಲಿ ಮರ ನೆಟ್ಟೆ.
ಅಂಗಡಿ ಸಾಲು ಕೆಡವಿದೆ, ಮರ.
ಟಿಕೆಟ್ ಮನೆಯನ್ನೂ. ಅದು ಮಾತ್ರ ಕೈತಪ್ಪಿ, ದೇವರಾಣೆ.

ಗುರುವಾರ ನಡುರಾತ್ರಿ ದಾಟಿ ಕೆಂಪು ಹಲಗೆ ಬಿತ್ತು:
ನೀವು ದಿವಾಳಿ. ಉದ್ಯಾನ ಮುಚ್ಚಿದೆ.
ಹಲಗೆಯ ಹಿಂದೆ ಅವಕ್ಕೆ ಯಾರೂ ಹೇಳಿರಲಿಲ್ಲ.
ಮುದುಕಿ ನಾನು ನೆಟ್ಟ ಮರದ ಸೊಪ್ಪು ಮುರಿಯುತ್ತಿದ್ದಳು.
ಅಕ್ಷರಗಳ ಸಂದಿಯಿಂದ ಕತ್ತು ಬಂದು ಹೋಗುತ್ತಿತ್ತು,
ಎಡಕ್ಕೆ, ಮೇಲಕ್ಕೆ, ಇನ್ನೂ ಮೇಲಕ್ಕೆ.
ಹನ್ನೊಂದು ಎಣಿಸಿದೆ. ಇಪ್ಪತ್ತೆರಡು.
ಎಣಿಕೆ ಬಿಟ್ಟೆ.

ಶುಕ್ರವಾರ ಬಂದವನು ಬ್ಯಾಗು ಇಳಿಸದೆ ಪರದೆ ನೋಡಿ
‘ಅಮ್ಮಾ, ಮೂರು ತಿಂಗಳ ಕೆಲಸ!’ ಅಂದ.
ಕಿವಿಯವರೆಗೂ ಕೆಂಪು. ನೂಡಲ್ಸ್ ಮುಟ್ಟಲಿಲ್ಲ.
ಬೆನ್ನು ತಿರುಗಿಸಿ ಮಲಗಿದ.
ನೋಡಿದೆ ನಾನು, ಚೆನ್ನಾಗಿಯೇ.
ಎಷ್ಟೋ ಹೊತ್ತಿಗೆ, ಗೋಡೆಯ ಕಡೆಯಿಂದ:
‘ಅದು ಗ್ಯಾಲರಿಗೆ ಹೆದರ್ತಿತ್ತು ಅಂತ ನಿಂಗೆ ಹೇಗೆ ಗೊತ್ತಾಯ್ತು?’
ಉಗುರ ಸಂದಿಯ ಅಂಟು ಕೀಳುತ್ತ ಕೂತಿದ್ದೆ.
ಗೊತ್ತಾಯ್ತು, ಅಂದೆ.

ಸೋಮವಾರ ಹೊಸ ಉದ್ಯಾನ, ಹೊಸ ಚೀಟಿ.
ಬೇಲಿ. ಆಡು. ಸೊಪ್ಪು.
ಕೊನೆಯ ಸಾಲು ಬರೆದು, ಹೊಡೆದುಹಾಕಿದ್ದ.